ನಮ್ಮ ಪಕ್ಕದ ಜಲಿಯನ್‌ವಾಲಾಬಾಗ್

ಜಲಿಯನ್‌ವಾಲಾಬಾಗ್ ಎಲ್ಲಿದೆ ಎಂದು ಮಕ್ಕಳನ್ನು ಕೇಳಿ ನೋಡಿ. ಅಮೃತಸರ ಎಂದು ಥಟ್ಟನೆ ಹೇಳುತ್ತಾರೆ. ವಿದುರಾಶ್ವತ್ಥ ಎಲ್ಲಿದೆ ಎಂದರೆ? ಪೀಣ್ಯದಲ್ಲೋ ವೈಟ್‌ಫೀಲ್ಡಿನಲ್ಲೋ ಬೆಳೆಯುವ ಅನೇಕ ಮಕ್ಕಳು ಮುಖ ಮುಖ ನೋಡಬಹುದು. ಯಲಹಂಕ, ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರಿನ ಹಾದಿ ಹಿಡಿದರೆ ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದಾದಷ್ಟು ಹತ್ತಿರದ ಊರದು.

1938ರ ಎಪ್ರಿಲ್ ತಿಂಗಳು. ಮೈಸೂರು ಸಂಸ್ಥಾನದಲ್ಲಿ ರಾಜರ ಆಳ್ವಿಕೆಯಿದ್ದರೂ ಅವರ ಮೇಲೆ ಬ್ರಿಟಿಷರಿದ್ದರು. ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹಾರಿಸುವುದಕ್ಕೆ ತಡೆಯಿತ್ತು. ಅದನ್ನು ಮುರಿದು ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಹಾರಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲೂ ಜನ ಸೇರಿದರು. ಸುತ್ತಲಿನ ಹಳ್ಳಿಗಳ ರೈತಾಪಿ ಜನ, ಕೈಯಲ್ಲಿ ಆಯುಧವಿಲ್ಲ. ಪೊಲೀಸರು ಗುಂಡು ಹಾರಿಸಿದರು. ಸರಕಾರದ ಲೆಕ್ಕದಲ್ಲಿ ಸತ್ತವರು 10 ಮಂದಿ, ಜನರ ಲೆಕ್ಕದಲ್ಲಿ 32. ಈ ಎರಡು ಸಂಖ್ಯೆಗಳ ನಡುವೆ ಎಷ್ಟು ತಾಯಂದಿರ ಕಣ್ಣೀರು ಲೆಕ್ಕಕ್ಕೇ ಸಿಗದೆ ಹೋಯಿತೋ!

ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರು, ಮೈಸೂರುಗಳನ್ನು ಚೆಲುವಾಗಿಸಿದ ದಿವಾನರೆಂದು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಬೇಕು ಕೂಡ. ಆದರೆ ಈ ಗೋಲಿಬಾರು ನಡೆದದ್ದೂ ಅವರ ಆಡಳಿತದಲ್ಲೇ. ನಮ್ಮವರೆಂಬ ಕಾರಣಕ್ಕೆ ಈ ಪುಟವನ್ನು ಮಡಚಿಡುವುದು ನ್ಯಾಯವಲ್ಲ. ಮುಂದೆ ನಡೆದದ್ದನ್ನೂ ಹೇಳಬೇಕು. ಗಾಂಧೀಜಿಯವರ ಸೂಚನೆಯಂತೆ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ಮಿರ್ಜಾ ಅವರೊಂದಿಗೆ ಕುಳಿತು ಮಾತಾಡಿದರು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಯಾವುದಕ್ಕಾಗಿ ಪ್ರಾಣ ಹೋಗಿತ್ತೋ ಅದು ಕೆಲವೇ ವಾರಗಳಲ್ಲಿ ದಕ್ಕಿತು. ಮೊದಲೇ ಕುಳಿತು ಮಾತಾಡಿದ್ದರೆ?

ಅಮೃತಸರದಲ್ಲಿ 1919ರಲ್ಲಿ ಜನ ಸೇರಿದ್ದು ಡಾ. ಸೈಫುದ್ದೀನ್ ಕಿಚ್ಲೂ ಮತ್ತು ಡಾ. ಸತ್ಯಪಾಲ್‌ರ ಬಂಧನವನ್ನೂ ವಿರೋಧಿಸಲು. ಮಕ್ಕಳಿಗೆ ಈ ಎರಡು ಕಥೆಗಳನ್ನು ಒಟ್ಟಿಗೇ ಹೇಳಿ. ಸ್ವಾತಂತ್ರ್ಯದ ಕಥೆಯಲ್ಲಿ ನಮ್ಮವರು ಎಲ್ಲೆಲ್ಲಿ ನಿಂತಿದ್ದರೆಂಬುದನ್ನು ಅವರೇ ನೋಡಿಕೊಳ್ಳಲಿ.

ಇಂದು ಅಲ್ಲಿ ಹುತಾತ್ಮರ ಸ್ಮಾರಕವಿದೆ. ವೀರಸೌಧದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳಿವೆ. ವಿದುರಾಶ್ವತ್ಥದ ಹೆಸರಿನದೇ ರೈಲು ನಿಲ್ದಾಣವೂ ಇದೆ. ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ, ವಿಚಾರಿಸಿಕೊಂಡು ಹೊರಡಿ. ಎಪ್ರಿಲ್‌ನಲ್ಲಿ ಹೋಗುವುದಾದರೆ ಬಿಸಿಲು ಜೋರು, ಮಕ್ಕಳಿಗೆ ನೀರಿನ ಬಾಟಲಿ ಮರೆಯಬೇಡಿ.