ಗವಿಯ ತುದಿ ಕಾಶಿಯಲ್ಲಿಲ್ಲ

ಗವಿ ಹೊಗುವ ಹವ್ಯಾಸದವರು ಅಂತ ಗೊತ್ತಾದ ಕೂಡಲೇ ನಮ್ಮ ಜನ ಕೇಳುವ ಮೊದಲ ಪ್ರಶ್ನೆ, "ಅದು ಎಲ್ಲಿಗೆ ಹೋಗುತ್ತೆ?" ಎಂಬುದು. ನಾವು ಬಾಯಿ ತೆರೆಯುವ ಮುಂಚೆ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ: "ಕಾಶಿಗಂತೆ." ಬೆಂಗಳೂರಿನ ಗವಿ ಗಂಗಾಧರೇಶ್ವರನ ಗವಿಯಿಂದ ಕಾಶಿಗೆ ದಾರಿ, ಶಿವಗಂಗೆಗೆ ಇನ್ನೊಂದು ದಾರಿ. ಕೋಲಾರದ ಅಂತರಗಂಗೆಯಿಂದ ಕಾಶಿಗೆ ದಾರಿ. ದೇವರಿಲ್ಲದ ಕಡೆ ಟಿಪ್ಪು ಬರುತ್ತಾನೆ. ಯಾವ ಕೋಟೆಯ ಯಾವ ಬಿರುಕನ್ನು ತೋರಿಸಿದರೂ ಅದು ಶ್ರೀರಂಗಪಟ್ಟಣಕ್ಕೆ ಹೋಗುವ ಕಳ್ಳದಾರಿ. ಗವಿಗಳ ಬಗ್ಗೆ ಇರುವ ತಪ್ಪು ಕಲ್ಪನೆಗಳಲ್ಲಿ ನನ್ನ ತಾಳ್ಮೆಯನ್ನು ಇಷ್ಟು ಕೆಡಿಸಿದ್ದು ಬೇರೊಂದಿಲ್ಲ. ಇದನ್ನು ಹೇಳುವವರಲ್ಲಿ ಎಂಜಿನಿಯರುಗಳಿದ್ದಾರೆ, ಮೇಷ್ಟ್ರುಗಳಿದ್ದಾರೆ.

ಅಂತರಗಂಗೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರ, ವಾರಾಂತ್ಯಕ್ಕೆ ಹೆಲ್ಮೆಟ್ಟು, ಹೆಡ್‌ಲ್ಯಾಂಪು ಹಿಡಿದು ನಮ್ಮ ಕ್ಲಬ್ಬಿನವರು ಆಗಾಗ ಹೋಗುವ ಬೆಟ್ಟ. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಯಾಣಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು. ಇನ್ನೂ ಮೇಲೆ ಹೋದರೆ ಗವಿಗಳು. ಆದರೆ ಇವು ನೀರು ಕಲ್ಲನ್ನು ಕರಗಿಸಿ ಕೊರೆದ ಗವಿಗಳಲ್ಲ. ಗ್ರಾನೈಟ್ ಜಾತಿಯ ಬಂಡೆ ಮೊದಲು ಉದ್ದಕ್ಕೂ ಅಡ್ಡಕ್ಕೂ ಸೀಳುತ್ತದೆ. ಮಣ್ಣಿನಡಿಯಲ್ಲಿದ್ದಾಗಲೇ ಆ ಸೀಳುಗಳಿಗೆ ನೀರಿಳಿದು, ಮೂಲೆಗಳು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಕಳಚಿ, ನಡುವಿನ ಗಟ್ಟಿ ತಿರುಳು ಗುಂಡಾಗಿ ಉಳಿಯುತ್ತದೆ. ಮೇಲಿನ ಮಣ್ಣು ಮಳೆಗೆ ತೊಳೆದುಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ಕೂರುತ್ತವೆ. ಅವುಗಳ ನಡುವಿನ ಸಂದೇ ನಾವು ತೆವಳುವ ಗವಿ. ಗುಂಡುಗಳ ರಾಶಿ ಮುಗಿದಲ್ಲಿ ಗವಿಯೂ ಮುಗಿಯಿತು. ಅದರಡಿಗಿರುವುದು ಇಡಿಯಾದ ಬಂಡೆ. ಅಲ್ಲಿ ಬೆರಳು ತೂರುವಷ್ಟು ಬಿರುಕು ಸಿಕ್ಕರೆ ಹೆಚ್ಚು.

ಹಾಗಾದರೆ ಬಸವನ ಬಾಯಿಗೆ ನೀರು ಎಲ್ಲಿಂದ ಬರುತ್ತದೆ? ಬೆಟ್ಟದ ಮೇಲೆ ಬಿದ್ದ ಮಳೆ ಮಣ್ಣಿಗೂ ಬಂಡೆಯ ಸೀಳುಗಳಿಗೂ ಇಳಿದು, ನಿಧಾನವಾಗಿ ಜಿನುಗುತ್ತಾ, ಸೀಳಿಲ್ಲದ ಕಲ್ಲು ತಡೆದ ಕಡೆ ಹೊರಗೆ ಬರುತ್ತದೆ. ಇಳಿಯಲು ತಿಂಗಳುಗಟ್ಟಲೆ ಹಿಡಿಯುವುದರಿಂದ ಮಳೆ ನಿಂತ ಎಷ್ಟೋ ದಿನದ ಮೇಲೂ ಧಾರೆ ಹರಿಯುತ್ತಿರುತ್ತದೆ. ಗಂಗೆಯೇ ಬರುತ್ತಾಳೆ ಅನ್ನುವವರು ಭೂಪಟದಲ್ಲಿ ಎರಡು ಎತ್ತರಗಳನ್ನು ನೋಡಿದರೆ ಸಾಕು. ವಾರಾಣಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 80 ಮೀಟರ್ ಎತ್ತರದಲ್ಲಿ. ಕೋಲಾರ ಪಟ್ಟಣವೇ 800 ಮೀಟರಿಗೂ ಮೇಲೆ, ಬೆಟ್ಟ ಅದಕ್ಕಿಂತ ಮೇಲೆ. ಕಾಶಿಯ ನೀರು 1,400 ಕಿ.ಮೀ. ಹರಿದು 700 ಮೀಟರಿಗೂ ಹೆಚ್ಚು ಏರಬೇಕು, ಅದೂ ಪಂಪಿಲ್ಲದೆ.

ಇನ್ನೊಂದು ಸಂಗತಿ ನನಗೆ ಲೆಕ್ಕಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಕೋಲಾರದ ರೈತ ಸಾವಿರ ಅಡಿ ದಾಟಿಸಿ ಬೋರ್ ಕೊರೆಸಿ, ಬರೀ ಧೂಳು ಎದ್ದದ್ದನ್ನು ನೋಡಿ, ಸಾಲ ತಲೆಯ ಮೇಲೆ ಹೊತ್ತು ಮನೆಗೆ ಹೋಗಿದ್ದಾನೆ. ಅವನ ಹೊಲದಡಿಯಲ್ಲೇ ಗಂಗೆ ಹರಿಯುತ್ತಿದ್ದಾಳೆ ಅಂತ ಹೇಳಲು ಮನಸ್ಸಾದರೂ ಹೇಗೆ ಬರುತ್ತದೆ? ಈ ಜಿಲ್ಲೆಗೆ ದೂರದ ನೀರು ನಿಜವಾಗಿ ಬಂದದ್ದು 2018ರಲ್ಲಿ, ಕೆ.ಸಿ. ವ್ಯಾಲಿ ಯೋಜನೆಯಿಂದ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ, ಪಂಪು ಹಾಕಿ, ಪೈಪಿನಲ್ಲಿ ಕೆರೆಗಳಿಗೆ ತಂದರು. ಪಕ್ಕದ ಜಿಲ್ಲೆಯಿಂದ ನೀರು ತರಲು ಇಷ್ಟೆಲ್ಲ ಬೇಕಾಯಿತು.

ದಾರಿ ತಾನಾಗಿ ಹುಟ್ಟಿದ್ದಲ್ಲ, ಋಷಿಗಳೋ ರಾಜರೋ ಕೊರೆಸಿದ್ದು ಎಂಬ ವಾದ ಮುಂದೆ ಬರುತ್ತದೆ. ನೆಲದಡಿ ಅಗೆಯುವುದು ಏನೆಂದು ಕನ್ನಡ ನಾಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಂತರಗಂಗೆ ಇರುವ ಜಿಲ್ಲೆಯಲ್ಲೇ ಕೆ.ಜಿ.ಎಫ್. ಇದೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಆಳಕ್ಕೆ ಇಳಿದಿತ್ತು. ತಳದ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ ಬಂದದ್ದೇ ಆ ಗಣಿಗಳಿಗಾಗಿ. 2001ರಲ್ಲಿ ಬಾಗಿಲು ಹಾಕುವವರೆಗೆ ಶತಮಾನಕ್ಕೂ ಮೀರಿ ಸಾವಿರಾರು ಜನ ಅದೇ ನೆಲದಡಿ ಅಗೆದರು, ಬಂಡೆ ಸಿಡಿದು ಎಷ್ಟೋ ಮಂದಿ ಸತ್ತರು. ಕಾಶಿಯ ದಾರಿ ಯಾರ ಗುದ್ದಲಿಗೂ ಎದುರಾಗಲಿಲ್ಲ. ಕರಾವಳಿಗೆ ಬಂದರೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ನೀರಿಗಾಗಿ ಒಬ್ಬರೇ ಮುರಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆದವರು. ಮೊದಲ ಸುರಂಗಗಳಲ್ಲಿ ನೀರು ಸಿಗದಿದ್ದರೂ ಬಿಡದೆ ಅಗೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗ್ರಾನೈಟಿಗೆ ಹೋಲಿಸಿದರೆ ಮುರಕಲ್ಲು ಮೆತ್ತಗೆ. ಅದರಲ್ಲೇ ಕೆಲವು ಹತ್ತು ಮೀಟರ್ ಕೊರೆಯಲು ಒಬ್ಬ ಮನುಷ್ಯನ ವರುಷಗಳು ಹೋಗುತ್ತವೆ. ಮುಂಬೈ ರೈಲಿನಲ್ಲಿ ಹೋಗುವವರು ದಾಟುವ ಕೊಂಕಣ ರೈಲ್ವೆಯ ಕರ್ಬುಡೆ ಸುರಂಗದ ಉದ್ದ ಆರೂವರೆ ಕಿ.ಮೀ.; ಯಂತ್ರಗಳನ್ನಿಟ್ಟುಕೊಂಡೂ ವರ್ಷಗಟ್ಟಲೆ ಹಿಡಿಯಿತು. ಸಾವಿರದ ನಾನೂರು ಕಿ.ಮೀ. ಅನ್ನುವ ಮುಂಚೆ ಒಮ್ಮೆ ಇವರ ಬೆವರನ್ನು ನೆನೆಯಬೇಕು.

ಜಗತ್ತಿನಲ್ಲಿ ಈವರೆಗೆ ಅಳೆದಿರುವ ಅತಿ ಉದ್ದದ ಗವಿ ಅಮೆರಿಕದ ಕೆಂಟಕಿಯ ಮ್ಯಾಮತ್ ಕೇವ್. ನಕ್ಷೆಗೆ ಬಂದಿರುವ ಅದರ ಉದ್ದ 680 ಕಿ.ಮೀ. ಮೀರಿದೆ. ಅದು ಒಂದೇ ದಿಕ್ಕಿಗೆ ಹೋದದ್ದಲ್ಲ. ಸುಣ್ಣಕಲ್ಲಿನ ಒಂದೇ ಪ್ರದೇಶದಡಿ ಅಂತಸ್ತಿನ ಮೇಲೆ ಅಂತಸ್ತಾಗಿ ಸುತ್ತಿಕೊಂಡದ್ದು. ನಮ್ಮ ದೇಶದ ಉದ್ದನೆಯ ಗವಿಗಳು ಮೇಘಾಲಯದಲ್ಲಿವೆ: ಸುಣ್ಣಕಲ್ಲಿನ ಕ್ರೆಮ್ ಲಿಯಾಟ್ ಪ್ರಾ 30 ಕಿ.ಮೀ. ದಾಟುತ್ತದೆ, 2018ರಲ್ಲಿ ಅಳೆದ ಕ್ರೆಮ್ ಪುರಿ 24.5 ಕಿ.ಮೀ., ಮರಳುಗಲ್ಲಿನ ಗವಿಗಳಲ್ಲಿ ಜಗತ್ತಿಗೇ ಉದ್ದದ್ದು. ಬೆಂಗಳೂರಿನ ಕ್ಲಬ್ಬುಗಳು ರಜೆ ಸಿಕ್ಕರೆ ಓಡುವ ಆಂಧ್ರದ ಬೇಲಂ ಗವಿ 3,229 ಮೀಟರ್. ಇವೆಲ್ಲ ಕಲ್ಲು ಕರಗುವ ನಾಡಿನ ಗವಿಗಳು. ಗ್ರಾನೈಟಿನ ಗುಡ್ಡ ಇವುಗಳ ಹತ್ತಿರಕ್ಕೂ ಬರಲಾರದು.

"ಇಲ್ಲಿ ಹಾಕಿದ ನಿಂಬೆಹಣ್ಣು ಕಾಶಿಯಲ್ಲಿ ತೇಲಿತಂತೆ" ಎಂಬ ಸಾಕ್ಷ್ಯವನ್ನು ನಾನು ಕೇಳದ ಬೆಟ್ಟವಿಲ್ಲ. ಅದರ ಹಿಂದಿನ ಯೋಚನೆಯೇನೋ ಸೊಗಸಾದದ್ದೇ, ಇಲ್ಲಿ ಏನಾದರೂ ಹಾಕಿ ಅಲ್ಲಿ ಕಾಯುವುದು. ಕಾದವರೂ ಇದ್ದಾರೆ. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿ ಒಂದು ಕಡೆ ಸುಣ್ಣಕಲ್ಲಿನೊಳಗೆ ಇಂಗಿ ಮಾಯವಾಗುತ್ತದೆ. 1877ರಲ್ಲಿ ಆಡಾಲ್ಫ್ ಕ್ನೋಪ್ ಎಂಬ ವಿಜ್ಞಾನಿ ಅಲ್ಲಿ 10 ಕಿಲೋ ಫ್ಲೋರಸೀನ್ ಬಣ್ಣ ಮತ್ತು ಟನ್ನುಗಟ್ಟಲೆ ಉಪ್ಪು ಸುರಿಸಿದ. ಸುಮಾರು 60 ಗಂಟೆಗಳ ನಂತರ, ಹನ್ನೆರಡು ಕಿ.ಮೀ. ದೂರದ ಆಖ್ ಎಂಬ ಬುಗ್ಗೆಯಲ್ಲಿ ನೀರು ಹಸಿರಾಗಿ ಹೊಳೆಯುತ್ತಾ, ಉಪ್ಪುಪ್ಪಾಗಿ ಹೊರಬಂತು. ಎಲ್ಲಿ, ಯಾವಾಗ, ಎಷ್ಟು ಸುರಿದರು, ಎಲ್ಲಿ ಕಾದರು, ಎಷ್ಟು ಹೊತ್ತಿಗೆ ಬಂತು ಎಂಬುದೆಲ್ಲ ಬರೆದಿಟ್ಟಿದೆ. ನಮ್ಮ ನಿಂಬೆಹಣ್ಣನ್ನು ಹಾಕಿದವರು ಯಾರು? ಕಾಶಿಯ ಯಾವ ಘಾಟಿನಲ್ಲಿ ಯಾರು ಕಾದಿದ್ದರು? ಸಂತೆಯಲ್ಲಿ ಸಿಗುವ ಸಾವಿರ ಹಣ್ಣಿನಲ್ಲಿ ಇದೇ ಅದು ಅಂತ ಗುರುತು ಹಿಡಿದದ್ದು ಹೇಗೆ? ಇಷ್ಟು ಕೇಳಿದರೆ "ನಂಬಿಕೆ ಇಲ್ವಾ ನಿಮಗೆ?" ಅನ್ನುತ್ತಾರೆ. ನಾನು ಗುಡಿಯಲ್ಲಿ ತೀರ್ಥ ತೆಗೆದುಕೊಂಡೇ ಬೆಟ್ಟ ಹತ್ತುವವನು. ನನ್ನ ತಕರಾರು ನಿಂಬೆಹಣ್ಣಿನ ಬಗ್ಗೆ.

ಒಳಗೆ ಹೋದವರಿಗೇ ಈ ಕಥೆ ಯಾಕೆ ನಿಜ ಅನ್ನಿಸುತ್ತದೆ ಎಂಬುದನ್ನು ಕ್ಲಬ್ಬಿನ ಹೊಸಬರಲ್ಲಿ ಕಂಡಿದ್ದೇನೆ. ಇಬ್ಬಿಬ್ಬರಾಗಿ ಗವಿ ಅಳೆಯುತ್ತೇವೆ. ಒಬ್ಬ ಮುಂದೆ ತೆವಳಿ ಬಂಡೆಯ ಮೇಲೆ ಚಾಕ್‌ಪೀಸಿನ ಚುಕ್ಕೆ ಇಟ್ಟು, ಅದರ ಪಕ್ಕ ಅಂಗೈ ಹಿಡಿಯುತ್ತಾನೆ. ಹಿಂದಿನವನು ಆ ಅಂಗೈಗೆ ಲೇಸರ್ ಮೀಟರಿನ ಕೆಂಪು ಬೊಟ್ಟು ಬೀಳಿಸಿ ದೂರ ಓದುತ್ತಾನೆ, ದಿಕ್ಸೂಚಿ ನೋಡುತ್ತಾನೆ, ಇಳಿಜಾರು ಗುರುತಿಸುತ್ತಾನೆ, ಕೆಸರು ಮೆತ್ತಿದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಹೊರಬಂದ ಮೇಲೆ ಎಷ್ಟು ದೂರ ಹೋಗಿದ್ದೆವು ಅಂತ ಕೇಳಿದರೆ "ಅರ್ಧ ಕಿಲೋಮೀಟರ್ ಇರಬೇಕಣ್ಣಾ" ಅನ್ನುತ್ತಾರೆ. ಕೂಡಿ ನೋಡಿದರೆ ನೂರು ಮೀಟರೂ ಆಗಿರುವುದಿಲ್ಲ. ನಕ್ಷೆ ಬಿಡಿಸಿದಾಗ ಇನ್ನೂ ಗಾಬರಿ: ಕೊನೆಯ ಚುಕ್ಕೆ ಮೊದಲು ಹೊಕ್ಕ ಬಂಡೆಯ ಹಿಂಬದಿಯಲ್ಲೇ ಇರುತ್ತದೆ. ಕತ್ತಲಲ್ಲಿ ಮೊಣಕೈ ತರಚಿಕೊಂಡು ತೆವಳುವವನಿಗೆ ಹೊತ್ತು ಗೊತ್ತಾಗುವುದಿಲ್ಲ, ದಿಕ್ಕು ಉಳಿಯುವುದಿಲ್ಲ. ಟಾರ್ಚಿನ ಬೆಳಕು ಮುಟ್ಟದ ಕಡೆಯನ್ನು ಮನಸ್ಸು ಕೊನೆಯಿಲ್ಲದ್ದು ಎಂದುಕೊಳ್ಳುತ್ತದೆ. ನಮ್ಮ ಹಿರಿಯರು ಎಣ್ಣೆ ದೀವಟಿಗೆ ಹಿಡಿದು ಹೋದಾಗ ಆದದ್ದೂ ಇದೇ. ಅವರ ಕೈಯಲ್ಲಿ ಲೇಸರ್ ಇರಲಿಲ್ಲ, ಅವರನ್ನು ದೂರುವುದಿಲ್ಲ. ಕೈಯಲ್ಲಿ ಎಲ್ಲ ಇದ್ದೂ ಅಳೆಯದವರ ಮೇಲೆ ನನ್ನ ಸಿಟ್ಟು.

"ಒಳಗೆ ಹೋದವರು ವಾಪಸ್ ಬರಲಿಲ್ಲ" ಎಂಬ ಮಾತಿನಿಂದ ಆಗುವ ಕೇಡು ಇನ್ನೂ ದೊಡ್ಡದು. ಬಾರದವರು ಕಾಶಿ ಸೇರಿದರು ಅಂದುಬಿಟ್ಟರೆ ಅವರು ಯಾಕೆ ಸತ್ತರು ಎಂದು ಕೇಳುವವರೇ ಇರುವುದಿಲ್ಲ. ಬೆಳಕು ಆರಿರುತ್ತದೆ, ಜಾರಿ ಸಂದಿಗೆ ಬಿದ್ದಿರುತ್ತಾರೆ, ಮೇಲೆ ಮಳೆ ಹೊಯ್ದು ನೀರು ನುಗ್ಗಿರುತ್ತದೆ, ಇಲ್ಲವೇ ಗಾಳಿ ಕೆಟ್ಟಿರುತ್ತದೆ. ಗಾಳಿಯ ವಿಷಯದಲ್ಲಂತೂ ಇನ್ನೊಂದು ಅಪಾಯದ ನಂಬಿಕೆ ಇದೆ, ದೀಪ ಉರಿಯುತ್ತಿದ್ದರೆ ಭಯವಿಲ್ಲ ಎಂಬುದು. ಇಂಗಾಲದ ಡೈಆಕ್ಸೈಡ್ ಶೇ. 5ರಷ್ಟು ಸೇರಿದರೆ ಮನುಷ್ಯನಿಗೆ ಏದುಸಿರು, ತಲೆಸಿಡಿತ, ಮಂಕು; ಮೇಣದ ಬತ್ತಿ ಆಗಲೂ ಉರಿಯುತ್ತಿರಬಹುದು. ಆ ಗಾಳಿ ಭಾರವಾದ್ದರಿಂದ ತಗ್ಗಿನಲ್ಲಿ ಕೂರುತ್ತದೆ. ಹಾಳುಬಾವಿಗೆ ಇಳಿದವನನ್ನು ಎತ್ತಲು ಇಳಿದವನೂ, ಅವನನ್ನು ಎತ್ತಲು ಇಳಿದವನೂ ಸತ್ತ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೇಲೆ ಆಕಾಶ ತಿಳಿಯಾಗಿದ್ದರೆ ನೀರಿನ ಭಯವಿಲ್ಲ ಎಂಬುದೂ ಸುಳ್ಳು. ದೂರದ ಗುಡ್ಡದ ಮಳೆ ಸುಣ್ಣಕಲ್ಲಿನ ಗವಿಗೆ ಗಂಟೆಗಳ ಮೇಲೆ ಬಂದು ತುಂಬಬಹುದು. 2018ರ ಜೂನಿನಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗವಿಯಲ್ಲಿ ನೀರು ಏರಿ ಹನ್ನೆರಡು ಹುಡುಗರು, ಅವರ ತರಬೇತುದಾರ ಸಿಕ್ಕಿಕೊಂಡರು. ಅವರೆಲ್ಲರೂ ಹೊರಬಂದದ್ದು ಜುಲೈ 10ಕ್ಕೆ. ಅವರಿಗಾಗಿ ನೀರಿಗಿಳಿದ ಸಮನ್ ಕುನಾನ್ ಬರಲಿಲ್ಲ.

ಉಳಿದ ತಪ್ಪು ಕಲ್ಪನೆಗಳನ್ನು ಬೇಗ ಮುಗಿಸುತ್ತೇನೆ. ಬಾವಲಿ ಕುರುಡಲ್ಲ, ನಿಮ್ಮ ಕೂದಲಿಗೆ ಸಿಕ್ಕಿಕೊಳ್ಳುವಷ್ಟು ದಡ್ಡನೂ ಅಲ್ಲ. ಹೆದರಬೇಕಾದ್ದು ಅದರ ಒಣ ಹಿಕ್ಕೆಯ ಧೂಳಿಗೆ, ಅದರಲ್ಲಿ ಶ್ವಾಸಕೋಶ ಕೆಡಿಸುವ ಶಿಲೀಂಧ್ರ ಇರಬಹುದು. ಗವಿಯೆಲ್ಲ ತಣ್ಣಗಿರುವುದಿಲ್ಲ, ಬೇಲಂ ಒಳಗೆ ಅಂಗಿ ಹಿಂಡುವಷ್ಟು ಬೆವರುತ್ತೀರಿ. ಸುಣ್ಣದ ತೊಂಗಲನ್ನು ಮುಟ್ಟಿದರೆ ಪುಣ್ಯ ಬರುವುದಿಲ್ಲ, ಕೈಯ ಜಿಡ್ಡು ಅಂಟಿ ಅದರ ಬೆಳವಣಿಗೆ ಕೆಡುತ್ತದೆ.

ಈಗ ಮೊಬೈಲು ಈ ಕಥೆಗಳಿಗೆ ಹೊಸ ಕಾಲು ಕೊಟ್ಟಿದೆ. ಗವಿಯ ಬಾಯಲ್ಲಿ ನಿಂತು, ಹಿಂದೆ ಗಂಭೀರ ಸಂಗೀತ ಹಾಕಿ, "ವಿಜ್ಞಾನಿಗಳಿಗೂ ಸಿಗದ ರಹಸ್ಯ" ಅಂತ ಹೇಳುವ ವಿಡಿಯೊಗಳನ್ನು ಲಕ್ಷಗಟ್ಟಲೆ ಜನ ನೋಡುತ್ತಾರೆ. ವಿಡಿಯೊ ಮಾಡಿದವನು ವಿಜ್ಞಾನಿಯನ್ನು ಕೇಳಿರುವುದೇ ಇಲ್ಲ. ಇದನ್ನು ನಂಬಿದ ಹುಡುಗರು ಚಪ್ಪಲಿ ಹಾಕಿಕೊಂಡು, ಫೋನಿನ ಬೆಳಕೊಂದನ್ನೇ ಹಿಡಿದು, ಮನೆಯಲ್ಲೂ ಹೇಳದೆ ದಾರಿಯ ತುದಿ ಹುಡುಕಲು ಒಳಗೆ ಹೋಗುತ್ತಾರೆ. ಅಂಥವರನ್ನು ಎಳೆದು ತಂದದ್ದೂ ಉಂಟು. ಒಬ್ಬೊಬ್ಬರಿಗೂ ಮೂರು ಬೆಳಕು, ನಾಲ್ಕಕ್ಕೆ ಕಡಿಮೆಯಿಲ್ಲದ ಜನ, ಎಷ್ಟು ಗಂಟೆಯೊಳಗೆ ಹೊರಬರದಿದ್ದರೆ ಯಾರಿಗೆ ಫೋನ್ ಮಾಡಬೇಕೆಂದು ಹೊರಗೆ ಒಬ್ಬರಿಗೆ ಬರೆದುಕೊಟ್ಟ ಚೀಟಿ: ಇಷ್ಟಿಲ್ಲದೆ ನಮ್ಮ ಕ್ಲಬ್ಬಿನವರು ಯಾವ ಗವಿಗೂ ಇಳಿಯುವುದಿಲ್ಲ. ಅಳೆದ ನಕ್ಷೆಯ ಒಂದು ಪ್ರತಿಯನ್ನು ಊರಿನ ಗುಡಿಗೂ ಪಂಚಾಯಿತಿಗೂ ಕೊಟ್ಟು, ಗವಿಯ ಬಾಯಲ್ಲಿ ತೂಗುಹಾಕಿ ಅಂತ ಕೇಳಿಕೊಳ್ಳುವುದನ್ನೂ ಈಗ ಶುರು ಮಾಡಿದ್ದೇವೆ. ಉದ್ದ ಇಷ್ಟು ಮೀಟರ್, ಇಲ್ಲಿ ಇಳಿಜಾರು, ಇಲ್ಲಿ ಜಾರುಬಂಡೆ, ಇಲ್ಲಿಗೆ ಮುಗಿಯಿತು ಅಂತ ಅದರಲ್ಲಿ ಕನ್ನಡದಲ್ಲೇ ಬರೆದಿರುತ್ತದೆ.