ಗಿಮ್ಲಿ: ಐಸ್‌ಲ್ಯಾಂಡಿನವರ ಊರು, ಆದರೆ ಅವರದಷ್ಟೇ ಅಲ್ಲ

ಭಾರತಕ್ಕೆ ವೈಸರಾಯ್ ಆಗಿ ಬರುವ ಏಳು ವರ್ಷ ಮೊದಲು ಲಾರ್ಡ್ ಡಫರಿನ್ ಕೆನಡಾದ ಗವರ್ನರ್ ಜನರಲ್ ಆಗಿದ್ದ. 1877ರ ಸೆಪ್ಟೆಂಬರಿನಲ್ಲಿ ಆತ ವಿನಿಪೆಗ್ ಸರೋವರದ ದಡದಲ್ಲಿ ದಿಮ್ಮಿಯ ಗುಡಿಸಲು ಕಟ್ಟಿಕೊಂಡಿದ್ದ ಐಸ್‌ಲ್ಯಾಂಡ್ ವಲಸಿಗರನ್ನು ನೋಡಲು ಹೋದ. ಸಾಮಾನು ಸರಂಜಾಮು ಅಷ್ಟಕ್ಕಷ್ಟೇ ಇದ್ದ ಆ ಮನೆಗಳಲ್ಲಿ ಇಪ್ಪತ್ತು ಮೂವತ್ತು ಪುಸ್ತಕಗಳಿದ್ದದ್ದು ಕಂಡು ಬೆರಗಾದ.

ಆ ಊರು ಗಿಮ್ಲಿ. ಮ್ಯಾನಿಟೋಬಾ ಪ್ರಾಂತ್ಯದಲ್ಲಿ, ವಿನಿಪೆಗ್ ನಗರದಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್. ನಮ್ಮಲ್ಲಿ ಪುರಸಭೆಯೇ ಬೇರೆ, ಗ್ರಾಮ ಪಂಚಾಯಿತಿಯೇ ಬೇರೆ. ಅಲ್ಲಿ 2003ರಲ್ಲಿ ಪಟ್ಟಣವೂ ಸುತ್ತಲ ಹಳ್ಳಿಗಳೂ ಸೇರಿ ಒಂದೇ ‘ಗ್ರಾಮೀಣ ಪುರಸಭೆ’ಯಾದವು. ಆರ್ನೆಸ್, ಸ್ಯಾಂಡಿ ಹುಕ್, ಫ್ರೇಜರ್‌ವುಡ್ ಎಲ್ಲಕ್ಕೂ ಒಬ್ಬರೇ ಮೇಯರ್. 2021ರ ಜನಗಣತಿಯಲ್ಲಿ ಸಿಕ್ಕ ತಲೆಗಳು ಆರೂವರೆ ಸಾವಿರ. ಬೇಸಿಗೆಯಲ್ಲಿ ಮಾತ್ರ ದಡದ ಕಾಟೇಜುಗಳು ತುಂಬಿ ಊರು ಉಬ್ಬಿಕೊಳ್ಳುತ್ತದೆ.

ಐಸ್‌ಲ್ಯಾಂಡಿನವರು ಇಲ್ಲಿ ಇಳಿದದ್ದು 1875ರ ಅಕ್ಟೋಬರ್ 21ರಂದು, ಚಳಿಗಾಲ ಬಾಗಿಲಲ್ಲಿ ನಿಂತಿದ್ದಾಗ. ತಾಯ್ನಾಡಿನಲ್ಲಿ ಬಡತನವಿತ್ತು, ಅದೇ ವರ್ಷ ಆಸ್ಕ್ಯಾ ಜ್ವಾಲಾಮುಖಿಯ ಬೂದಿ ಹುಲ್ಲುಗಾವಲುಗಳನ್ನು ಮುಚ್ಚಿತ್ತು. ಮರುವರ್ಷ ಸಿಡುಬು ಬಂತು. ವಲಸಿಗರಲ್ಲಿ ಸುಮಾರು ನೂರು ಮಂದಿ ಸತ್ತರು. ಇಡೀ ವಸಾಹತಿಗೆ ತಿಂಗಳುಗಟ್ಟಲೆ ದಿಗ್ಬಂಧನ. ಇಷ್ಟಾದರೂ ಅವರು ನಾಲ್ಕು ಜಿಲ್ಲೆ ಮಾಡಿಕೊಂಡು, ಸ್ವಂತ ಸಂವಿಧಾನ ಬರೆದುಕೊಂಡು, ಒಂದು ಪತ್ರಿಕೆಯನ್ನೂ ತೆಗೆದರು. ಸಾಲದ್ದಕ್ಕೆ ಇಬ್ಬರು ಪಾದ್ರಿಗಳ ಹಿಂದೆ ಎರಡು ಬಣವಾಗಿ ಜಗಳವಾಡಿ, ಹಲವರು ಡಕೋಟಾಕ್ಕೆ ಗುಳೆ ಹೋದರು.

ಈ ಸಾಹಸಗಾಥೆಯಲ್ಲಿ ಬಹುಕಾಲ ಹಿಂದೆ ಸರಿದ ಒಂದು ಮಾತಿದೆ. ಆ ನೆಲ ಖಾಲಿಯಿರಲಿಲ್ಲ. ಇಂದಿನ ರಿವರ್ಟನ್ ಬಳಿಯ ಸ್ಯಾಂಡಿ ಬಾರ್‌ನಲ್ಲಿ ಸೊಟೊ ಮೂಲನಿವಾಸಿಗಳಿದ್ದರು. ಅವರಲ್ಲೊಬ್ಬನಾದ ಜಾನ್ ರಾಮ್ಸೆ ಬೇಟೆಯಾಡಿ ವಲಸಿಗರ ಹೊಟ್ಟೆಗೆ ನೆರವಾಗಿದ್ದ. ಸಿಡುಬು ಅವನ ಜನರನ್ನು ಹೆಚ್ಚುಕಡಿಮೆ ಅಳಿಸಿಹಾಕಿತು. ಹೆಂಡತಿ ಬೆಟ್ಸಿಯೂ ಹೋದಳು. ರಾಮ್ಸೆ ಅವಳಿಗಾಗಿ ಅಮೃತಶಿಲೆಯ ಗೋರಿಗಲ್ಲು ತರಿಸಿ ನೆಟ್ಟ. ದಡದ ಆ ಕಲ್ಲು ಇಂದಿಗೂ ಇದೆ. ಗಿಮ್ಲಿಯಲ್ಲಿ 1967ರಲ್ಲಿ ನಿಲ್ಲಿಸಿದ ದೈತ್ಯ ವೈಕಿಂಗ್ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗರಲ್ಲಿ ಅಲ್ಲಿಗೆ ಹೋಗುವವರು ಕಡಿಮೆ. ಇತಿಹಾಸ ಬಲ್ಲವರಿಗೆ ನೋಡಬೇಕಾದದ್ದು ಆ ಕಲ್ಲೇ.

1897ರಲ್ಲಿ ಐಸ್‌ಲ್ಯಾಂಡಿನವರಿಗೆ ಮೀಸಲಿದ್ದ ಜಮೀನು ಇತರರಿಗೂ ತೆರೆಯಿತು. ಉಕ್ರೇನಿನ ರೈತರು ಬಂದು ಪಶ್ಚಿಮದ ಕಾಡು ಕಡಿದು ಹೊಲ ಮಾಡಿದರು. ಹೀಗೆ ಸರೋವರದ ಕಡೆ ಮೀನು, ಒಳನಾಡಿನಲ್ಲಿ ಬೇಸಾಯ.

ಮೀನುಗಾರಿಕೆ ಹಿಮಗಾಲದಲ್ಲೂ ನಿಲ್ಲುವುದಿಲ್ಲ. ಹೆಪ್ಪುಗಟ್ಟಿದ ಸರೋವರದಡಿ ಬಲೆ ಹಾಸುವುದು ಹೇಗೆ? ಅದಕ್ಕೆ ‘ಜಿಗ್ಗರ್’ ಎಂಬ ಮರದ ಹಲಗೆ. ಮಂಜುಗಡ್ಡೆಗೆ ತೂತು ಕೊರೆದು ಹಲಗೆಯನ್ನು ಒಳಗೆ ತೂರಿಸಿದರೆ ಅದು ತೇಲಿ ಗಡ್ಡೆಯ ಅಡಿಗೆ ಅಂಟಿಕೊಳ್ಳುತ್ತದೆ. ಹಗ್ಗ ಜಗ್ಗಿದಂತೆಲ್ಲ ಅದರ ಸನ್ನೆಕೋಲು ಗಡ್ಡೆಯನ್ನು ಒದ್ದು ಹಲಗೆಯನ್ನು ಮುಂದಕ್ಕೆ ತಳ್ಳುತ್ತದೆ. ಮೇಲೊಬ್ಬ ಅದರ ಸದ್ದು ಹಿಡಿದು ಹಿಂಬಾಲಿಸುತ್ತಾನೆ. ನಿಂತಲ್ಲಿ ಇನ್ನೊಂದು ತೂತು ಕೊರೆದು ಹಗ್ಗದ ತುದಿ ಎತ್ತಿ, ಅದಕ್ಕೆ ಬಲೆ ಕಟ್ಟಿ ಎಳೆಯುತ್ತಾರೆ.

ಹೊರಜಗತ್ತಿಗೆ ಗಿಮ್ಲಿ ಗೊತ್ತಾದದ್ದು ಮಾತ್ರ ವಿಮಾನದಿಂದ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ಆಕಾಶದಲ್ಲೇ ಇಂಧನ ಮುಗಿಸಿಕೊಂಡಿತು. ಕಿಲೋ ಲೆಕ್ಕದಲ್ಲಿ ತುಂಬಬೇಕಾದದ್ದನ್ನು ಪೌಂಡ್ ಲೆಕ್ಕದಲ್ಲಿ ತುಂಬಿದ್ದರು. ಪೈಲಟ್ ಬಾಬ್ ಪಿಯರ್ಸನ್ ಗ್ಲೈಡರಿನಂತೆ ತೇಲಿಸಿ ತಂದು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದ. ಅಂದು ಅಲ್ಲಿ ಕಾರ್ ರೇಸಿನ ಗದ್ದಲ! ರೇಸಿನವರೇ ಬೆಂಕಿ ಆರಿಸಲು ಓಡಿಬಂದರು. ವಿಮಾನದಲ್ಲಿದ್ದ 69 ಮಂದಿಯೂ ಉಳಿದರು.

ಆಗಸ್ಟ್ ಮೊದಲ ವಾರಾಂತ್ಯದಲ್ಲಿ ಐಸ್‌ಲ್ಯಾಂಡಿಕ್ ಹಬ್ಬ. 1890ರಲ್ಲಿ ವಿನಿಪೆಗ್‌ನಲ್ಲಿ ಶುರುವಾಗಿ 1932ರಲ್ಲಿ ಗಿಮ್ಲಿಗೆ ಬಂದದ್ದು. ಅಲ್ಲಿನ ತಿಂಡಿಯಲ್ಲಿ ಮೊದಲ ಸ್ಥಾನ ‘ವಿನರ್ತೆರ್ತಾ’ಗೆ: ಒಣಪ್ಲಮ್ಮಿನ ಹೂರಣವಿಟ್ಟ ಪದರ ಪದರ ಕೇಕು. ಐಸ್‌ಲ್ಯಾಂಡಿನಲ್ಲೇ ಅದು ಹಳೆಯ ಕಾಲದ ತಿಂಡಿಯೆನಿಸಿಕೊಂಡಿದ್ದರೂ, ಎಷ್ಟು ಪದರವಿರಬೇಕು, ಮೇಲೆ ಸಕ್ಕರೆ ಲೇಪ ಬೇಕೋ ಬೇಡವೋ ಎಂಬ ವಾದ ಮ್ಯಾನಿಟೋಬಾದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.