ನೀರಿನಡಿಯಲ್ಲಿ ತಾಟೆ ಎದುರಾದರೆ?

ಗಂಗೊಳ್ಳಿ ಬಂದರಿಗೆ ದೋಣಿಗಳು ಬರುವ ಹೊತ್ತಿನಲ್ಲಿ ಹೋದವರಿಗೆ ತಾಟೆ ಹೊಸ ಮೀನೇನಲ್ಲ. ಬಂಗುಡೆ, ಬೂತಾಯಿಗಳ ರಾಶಿಯ ಪಕ್ಕದಲ್ಲಿ ಒಮ್ಮೊಮ್ಮೆ ಅದೂ ಬಿದ್ದಿರುತ್ತದೆ. ಬಾಣಂತಿಯ ಊಟಕ್ಕೆ ತಾಟೆಮರಿ ಒಳ್ಳೆಯದೆಂದು ಹುಡುಕಿ ಒಯ್ಯುವವರೂ ಕರಾವಳಿಯಲ್ಲಿದ್ದಾರೆ. ಅದೇ ಮೀನನ್ನು ‘ಶಾರ್ಕ್’ ಎಂದು ಕರೆದು ಸಿನಿಮಾದಲ್ಲಿ ತೋರಿಸಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ! ಮಗನೋ ಮಗಳೋ ‘ಸ್ಕೂಬಾ ಕಲಿಯುತ್ತೇನೆ’ ಎಂದಾಗ ತಂದೆತಾಯಿ ಕೇಳುವ ಮೊದಲ ಪ್ರಶ್ನೆಯೂ ಅದೇ: ‘ಅಲ್ಲಿ ಶಾರ್ಕ್ ಇರುವುದಿಲ್ಲವೇ?’

ಇರುತ್ತದೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ.

ಕುಂದಾಪುರದ ಕೋಡಿಯಲ್ಲೋ ಬ್ರಹ್ಮಾವರದ ಬಳಿಯ ಕೋಡಿ ಬೆಂಗ್ರೆಯಲ್ಲೋ ಮುಳುಗಿದರೆ ಕಾಣುವುದು ಕಡಿಮೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಗಂಗೊಳ್ಳಿಯಲ್ಲಿ, ಸೀತಾ ಮತ್ತು ಸ್ವರ್ಣಾ ಬೆಂಗ್ರೆಯಲ್ಲಿ ಘಟ್ಟದ ಮಣ್ಣನ್ನು ತಂದು ಕಡಲಿಗೆ ಸುರಿಯುತ್ತವೆ. ತಿಳಿನೀರು ಬೇಕಾದವರು ಬೈಂದೂರು, ಶಿರೂರು, ಭಟ್ಕಳ ದಾಟಿ ಮುರುಡೇಶ್ವರಕ್ಕೆ ಹೋಗುತ್ತಾರೆ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ಒಂದು ಕಾಲಕ್ಕೆ ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿದ್ದ ಈ ಬಂಡೆಯ ದ್ವೀಪದ ಸುತ್ತ ಹವಳಗಳು ಬೆಳೆದಿವೆ. ಹವಳವಿದ್ದಲ್ಲಿ ಸಣ್ಣ ಮೀನು, ಸಣ್ಣ ಮೀನಿದ್ದಲ್ಲಿ ಅದನ್ನು ತಿನ್ನುವ ದೊಡ್ಡ ಮೀನು.

ಮುಳುಗುವವರ ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಅದರಲ್ಲಿರುವುದು ನಾವು ಉಸಿರಾಡುವ ಸಾದಾ ಗಾಳಿಯೇ, ಒತ್ತಿ ತುಂಬಿದ್ದು ಅಷ್ಟೆ. ಅದನ್ನು ಬೇಕಾದ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ಉಪಕರಣವನ್ನು 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗ್ಯಾನ್ಯಾನ್ ರೂಪಿಸಿದರು. ಕಲಿಯುವವರಿಗೆ ಹೇಳುವ ಮೊದಲ ನಿಯಮ: ಉಸಿರು ಕಟ್ಟಬೇಡಿ.

ಏಕೆ? ಹೈಸ್ಕೂಲಿನ ಬಾಯ್ಲ್ ನಿಯಮವನ್ನು ನೆನಪಿಸಿಕೊಳ್ಳಿ. ಒತ್ತಡ ಹೆಚ್ಚಿದಷ್ಟೂ ಅನಿಲದ ಗಾತ್ರ ಕುಗ್ಗುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ವಾತಾವರಣದಷ್ಟೇ ಇನ್ನೊಂದು ಒತ್ತಡ ಸೇರುತ್ತದೆ. 10 ಮೀಟರ್ ಆಳದಲ್ಲಿ ಶ್ವಾಸಕೋಶದೊಳಗೆ 4 ಲೀಟರ್ ಗಾಳಿ ಎಳೆದುಕೊಂಡು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಅದು 8 ಲೀಟರ್ ಆಗಲು ಹೊರಡುತ್ತದೆ. ಶ್ವಾಸಕೋಶ ಬಲೂನಲ್ಲವಲ್ಲ! ಒಂದೆರಡು ಮೀಟರ್ ಮೇಲೇರಿದರೂ ಗಾಯವಾಗಬಹುದು. ಇನ್ನು ಬೇಗ ಮೇಲೆ ಬಂದರೆ ರಕ್ತದಲ್ಲಿ ಕರಗಿದ್ದ ಸಾರಜನಕ, ಬಿರಡೆ ತೆಗೆದ ಸೋಡಾದಂತೆ ಗುಳ್ಳೆಯೇಳುತ್ತದೆ. ಆದ್ದರಿಂದಲೇ ನಿಮಿಷಕ್ಕೆ 9 ಮೀಟರಿಗಿಂತ ವೇಗ ಬೇಡ, ಮೇಲ್ಮೈಗೆ 5 ಮೀಟರ್ ಇರುವಾಗ ಮೂರು ನಿಮಿಷ ನಿಲ್ಲಿ ಎಂದು ಕಲಿಸುತ್ತಾರೆ.

ಈಗ ಶಾರ್ಕಿನ ಮಾತಿಗೆ ಬರೋಣ. ದೊಡ್ಡ ಮೀನು ಕಂಡೊಡನೆ ಹೊಸಬ ಮಾಡುವುದೇನು? ಗಾಬರಿಯಿಂದ ಉಸಿರು ಹಿಡಿಯುತ್ತಾನೆ, ಸರ್ರನೆ ಮೇಲಕ್ಕೆ ಹೊರಡುತ್ತಾನೆ. ಎರಡೂ ತಪ್ಪು! ಮೀನು ಏನೂ ಮಾಡದಿದ್ದರೂ ಅದರ ಭಯ ಆಸ್ಪತ್ರೆಗೆ ಸೇರಿಸಬಲ್ಲದು.

ಸಾಲದ್ದಕ್ಕೆ ಕಣ್ಣೂ ಮೋಸ ಮಾಡುತ್ತದೆ. ನೀರಿನಿಂದ ಮುಖವಾಡದೊಳಗಿನ ಗಾಳಿಗೆ ಬರುವ ಬೆಳಕು ಬಾಗುವುದರಿಂದ ವಸ್ತುಗಳು ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರದಲ್ಲಿರುವಂತೆ ಕಾಣುತ್ತವೆ. ಮೂರಡಿಯ ಮರಿಯನ್ನು ನೋಡಿದವನು ಮೇಲೆ ಬಂದು ‘ನಾಲ್ಕಡಿ ಇತ್ತು’ ಎಂದರೆ ಅದು ಪೂರಾ ಸುಳ್ಳಲ್ಲ. ಐದಡಿ ಎಂದರೆ ಅದು ಅವನ ಸ್ವಂತದ್ದು!

ನೇತ್ರಾಣಿಯ ಸುತ್ತ ಕಾಣುವ ಕಪ್ಪುತುದಿ ರೆಕ್ಕೆಯ ತಾಟೆ ಬೆಳೆದರೆ ಸುಮಾರು ಐದಡಿ. ಮನುಷ್ಯರನ್ನು ಕಂಡರೆ ಸಾಮಾನ್ಯವಾಗಿ ಅದೇ ದೂರ ಸರಿಯುತ್ತದೆ. ಬಾರಕುಡಾಗಳು ಹಿಂಡಾಗಿ ಕದಲದೆ ನಿಂತು ದಿಟ್ಟಿಸುವುದುಂಟು. ಹೊಳೆಯುವ ಸರ, ಬಳೆಗಳನ್ನು ಅವು ಬೆಳ್ಳಿಮೀನೆಂದು ತಿಳಿಯಬಹುದಾದ್ದರಿಂದ ಅವನ್ನು ದೋಣಿಯಲ್ಲೇ ಬಿಡಬೇಕು. ಬಂಡೆಯ ಬಿರುಕಿನಿಂದ ತಲೆ ಹಾಕುವ ಮೋರೆ ಎಂಬ ಹಾವಿನಂಥ ಮೀನು ಬಾಯಿ ತೆರೆದು ಮುಚ್ಚುವುದು ಬೆದರಿಸಲಿಕ್ಕಲ್ಲ, ಉಸಿರಾಡಲಿಕ್ಕೆ. ಬಿರುಕಿಗೆ ಕೈ ಹಾಕಿದರೆ ಮಾತ್ರ ಕಚ್ಚುತ್ತದೆ. ನಿಜಕ್ಕೂ ಎಚ್ಚರವಿರಬೇಕಾದ್ದು ಕಲ್ಲಿನಂತೆಯೇ ಬಿದ್ದುಕೊಂಡಿರುವ ಕಲ್ಲುಮೀನಿನ ಬಗ್ಗೆ. ಅದರ ಬೆನ್ನಿನ ಮುಳ್ಳಿನಲ್ಲಿ ವಿಷವಿದೆ. ತಾಟೆ ಹತ್ತಿರ ಸುಳಿದರೆ ಬೆನ್ನಟ್ಟದೆ, ಓಡದೆ, ಅದರತ್ತ ಮುಖ ಮಾಡಿ ಜತೆಗಾರನ ಪಕ್ಕದಲ್ಲಿರಬೇಕು. ಹೆಬ್ಬೆರಳೆತ್ತಿ ‘ಭೇಷ್’ ಎನ್ನಬೇಡಿ, ನೀರಿನೊಳಗೆ ಅದರ ಅರ್ಥ ‘ಮೇಲೆ ಹೋಗೋಣ’ ಎಂದು!

ಕೆಣಕದೆಯೇ ಶಾರ್ಕ್ ಕಚ್ಚಿ ಸಾಯುವವರು ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸರಾಸರಿ ಐದಾರು ಮಂದಿ. ಲೆಕ್ಕ ತಿರುಗಿಸಿ ನೋಡಿದರೆ ತಾಟೆಯ ಕಷ್ಟ ತಿಳಿಯುತ್ತದೆ. ಬಂಗುಡೆ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಕಪ್ಪುತುದಿಯ ತಾಟೆ ಹಲವು ತಿಂಗಳು ಬಸಿರು ಹೊತ್ತು ಹೆರುವುದು ಎರಡರಿಂದ ಐದು ಮರಿ. ಹಿಡಿದಷ್ಟು ಬೇಗ ಅದು ಹುಟ್ಟಲಾರದು. ಪ್ಲವಕಗಳನ್ನು ಸೋಸಿ ತಿನ್ನುವ ತಿಮಿಂಗಿಲ ಶಾರ್ಕಿಗೆ ನಮ್ಮಲ್ಲಿ 2001ರಲ್ಲೇ ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಕ್ಕಿತು. ಶಾರ್ಕ್ ರೆಕ್ಕೆಗಳ ರಫ್ತಿಗೆ 2015ರಲ್ಲಿ ನಿಷೇಧ ಬಂತು.

ಹಾಗಾದರೆ ಪೋಷಕರು ಕೇಳಬೇಕಾದ್ದೇನು? ಮಗುವಿಗೆ ಉಬ್ಬಸವಿದೆಯೇ, ಕಿವಿ ಸೋರುತ್ತದೆಯೇ, ಈಗ ನೆಗಡಿಯಿದೆಯೇ ಎಂದು ಮೊದಲು ವೈದ್ಯರನ್ನು ಕೇಳಬೇಕು. ಕಲಿಸುವವರ ಬಳಿ ಪ್ರಮಾಣಪತ್ರವಿದೆಯೇ, ಒಬ್ಬ ಶಿಕ್ಷಕರಿಗೆ ಎಷ್ಟು ಮಂದಿ, ದೋಣಿಯಲ್ಲಿ ಆಮ್ಲಜನಕ ಇದೆಯೇ ಎಂದು ವಿಚಾರಿಸಬೇಕು. ಕಲಿಕೆಗೆ ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು. ಪೂರ್ಣ ಕೋರ್ಸಿಗೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ಮಳೆಗಾಲದಲ್ಲಿ ದೋಣಿ ಹೊರಡುವುದಿಲ್ಲ. ಅಕ್ಟೋಬರ್ ಹೊತ್ತಿಗೆ ನೀರು ತಿಳಿಯಾಗತೊಡಗುತ್ತದೆ, ದೀಪಾವಳಿ ರಜೆಗೆ ಸರಿಯಾಗಿ.